ಗದುಗಿನ ಎಡಗೈ ಬೌಲರು: ಸುನೀಲ ಜೋಶಿಯವರ ಆರಂಭದ ವರ್ಷಗಳು

ಕಾರವಾರದ ಮಾಲಾದೇವಿ ಮೈದಾನದಲ್ಲಾಗಲಿ, ಅಂಕೋಲೆಯ ಜೈಹಿಂದ್ ಮೈದಾನದಲ್ಲಾಗಲಿ, ಮಳೆಗಾಲ ಕಳೆದು ನೆಲ ಆರಿದೊಡನೆ ಸಾಯಂಕಾಲದ ಹೊತ್ತು ಕ್ರಿಕೆಟ್ ಆಡುವ ಬಾಲಕರ ಗುಂಪುಗಳು ಕಾಣಿಸಿಕೊಳ್ಳುತ್ತವೆ. ಮೈದಾನ ದೊರೆಯದವರಿಗೆ ಕಡಲಂಚಿನ ಮರಳೇ ಮೈದಾನ. ರವೀಂದ್ರನಾಥ ಠಾಕೂರರ ಹೆಸರು ಹೊತ್ತ ಕಾರವಾರದ ಕಡಲತೀರದಲ್ಲಿ ನೀರಿಳಿದ ಹೊತ್ತಿಗೆ ಗಟ್ಟಿಯಾಗುವ ಹಸಿಮರಳಿನ ಮೇಲೆ ಮೂರು ಕೋಲು ನೆಟ್ಟರೆ ಆಟಕ್ಕೆ ಬೇರೇನೂ ಬೇಕಾಗದು. ಈ ಬಾಲಕರಲ್ಲಿ ಒಬ್ಬಿಬ್ಬರಾದರೂ ಇದನ್ನು ಬಾಳಿನ ವೃತ್ತಿಯನ್ನಾಗಿ ಮಾಡಿಕೊಳ್ಳಬೇಕೆಂಬ ಹಂಬಲವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಅವರ ತಂದೆತಾಯಿಗಳ ಮನಸ್ಸಿನಲ್ಲಿ ಅಷ್ಟೇ ಬಲವಾದ ಅಂಜಿಕೆ ಇರುತ್ತದೆ. ಹಂಬಲಕ್ಕೂ ಅಂಜಿಕೆಗೂ ನಡುವೆ ನಿಂತು ಉತ್ತರ ಹೇಳಬೇಕಾದವರು ಶಾಲೆಯ ಗುರುಗಳು. ಆ ಉತ್ತರವನ್ನು ಊಹೆಯಿಂದ ಹೇಳುವುದಕ್ಕಿಂತ ಒಂದು ನಿಜವಾದ ಬಾಳನ್ನು ಮುಂದಿಟ್ಟುಕೊಂಡು ಹೇಳುವುದು ಮೇಲು.

ಅಂತಹ ನಿದರ್ಶನವನ್ನು ಬೆಂಗಳೂರಿನಲ್ಲಿ ಹುಡುಕಿದರೆ ಹಲವು ಸಿಕ್ಕಾವು. ಆದರೆ ರಾಜಧಾನಿಯ ಹುಡುಗನ ಕಥೆ ಕರಾವಳಿಯ ಹುಡುಗನಿಗೆ ಹೆಚ್ಚು ಉಪಯೋಗಕ್ಕೆ ಬಾರದು. ಉತ್ತರ ಕನ್ನಡ ಜಿಲ್ಲೆಯು ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯಕ್ಕೆ ಸೇರಿದ್ದು. ಅದೇ ವಲಯದ ಗದುಗಿನಿಂದ ಹೊರಟು ಭಾರತ ತಂಡವನ್ನು ಸೇರಿದ ಸುನೀಲ ಬಂಡಾಚಾರ್ಯ ಜೋಶಿಯವರ ಆರಂಭದ ವರ್ಷಗಳೇ ಇಲ್ಲಿಗೆ ಹೆಚ್ಚು ಹೊಂದುತ್ತವೆ. ಇದಕ್ಕೊಂದು ಇತಿಹಾಸದ ಹಿನ್ನೆಲೆಯೂ ಉಂಟು. ೧೮೬೨ರಲ್ಲಿ ಉತ್ತರ ಕನ್ನಡವು ಮದ್ರಾಸು ಆಧಿಪತ್ಯದಿಂದ ಬೇರ್ಪಟ್ಟು ಮುಂಬಯಿ ಆಧಿಪತ್ಯಕ್ಕೆ ಸೇರಿತು; ಧಾರವಾಡ ಜಿಲ್ಲೆ ಅದಕ್ಕೂ ಮೊದಲೇ ಅಲ್ಲಿತ್ತು. ೧೯೫೬ರ ಏಕೀಕರಣದವರೆಗೆ ಈ ಸೀಮೆಯ ಜನರಿಗೆ ಆಟ, ಓದು, ನೌಕರಿ ಎಲ್ಲಕ್ಕೂ ಮುಂಬಯಿಯೇ ದಿಕ್ಕು. ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ೧೯೩೩ರಲ್ಲಿಯೇ ಹುಟ್ಟಿದ್ದರೂ ಅದರ ಬೇರುಗಳು ಬೆಂಗಳೂರು ಮೈಸೂರುಗಳಲ್ಲಿದ್ದವು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ಸಂಸ್ಥೆಯೂ ಆ ಹೆಸರನ್ನು ತಳೆಯಿತು. ಗದುಗಿನವರಿಗೂ ಕಾರವಾರದವರಿಗೂ ಆಟದ ರಾಜಧಾನಿ ಒಂದೇ ತಲೆಮಾರಿನಲ್ಲಿ ಮುಂಬಯಿಯಿಂದ ಬೆಂಗಳೂರಿಗೆ ಬದಲಾಯಿತು. ಎರಡೂ ದೂರವೇ.

ಜೋಶಿಯವರು ಜನಿಸಿದ್ದು ೧೯೭೦ರ ಜೂನ್ ೬ರಂದು, ಗದುಗಿನಲ್ಲಿ. ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನನ್ನು ನೆನೆಯುವ ಊರು, ಅಂಧ ಬಾಲಕರಿಗೆ ಸಂಗೀತವನ್ನು ಕಲಿಸಿ ಬಾಳು ಕೊಟ್ಟ ವೀರೇಶ್ವರ ಪುಣ್ಯಾಶ್ರಮದ ಊರು, ಅಚ್ಚುಕೂಟಗಳ ಊರು ಎಂದು ಗದುಗು ಪ್ರಸಿದ್ಧ. ಕ್ರಿಕೆಟ್ಟಿಗೆ ಅದು ಹೆಸರಾಗಿರಲಿಲ್ಲ. ಮೇಲ್ಮಟ್ಟದ ಅಭ್ಯಾಸಕ್ಕೆ ಬೇಕಾದ ಅನುಕೂಲ ಹುಬ್ಬಳ್ಳಿಯಲ್ಲಿ ಮಾತ್ರ ಇತ್ತು. ಆದ್ದರಿಂದ ಬಾಲಕ ಸುನೀಲ ನಸುಕಿನಲ್ಲಿಯೇ ಎದ್ದು ಹುಬ್ಬಳ್ಳಿಗೆ ಹೋಗಿ, ಅಲ್ಲಿ ಅಭ್ಯಾಸ ಮಾಡಿ, ಮತ್ತೆ ಗದುಗಿಗೆ ಮರಳಿ ಶಾಲೆಯಲ್ಲಿ ಕುಳಿತುಕೊಳ್ಳುತ್ತಿದ್ದ ಸಂಗತಿ ಅವರ ವೃತ್ತಾಂತವನ್ನು ಬರೆದವರೆಲ್ಲ ಉಲ್ಲೇಖಿಸುವಂಥದು. ಗದುಗು ಹುಬ್ಬಳ್ಳಿಗಳ ನಡುವಣ ದೂರ ಸುಮಾರು ೬೦ ಕಿಲೋಮೀಟರು. ಹೋಗಿ ಬರುವುದಕ್ಕೆ ೧೨೦. ವಾರಕ್ಕೆ ಐದು ದಿನವೆಂದು ಹಿಡಿದರೂ ೬೦೦ ಕಿಲೋಮೀಟರಾಯಿತು. ಬೆಂಗಳೂರಿನಲ್ಲಿ ಮನೆಯ ಹಿಂದಿನ ಬೀದಿಯಲ್ಲಿಯೇ ಕ್ಲಬ್ಬಿನ ಬಲೆ ಕಟ್ಟಿರುವ ಹುಡುಗನು ಈ ಹೊತ್ತನ್ನು ನಿದ್ರೆಗೋ ಪಾಠಕ್ಕೋ ಬಳಸಿಕೊಳ್ಳಬಲ್ಲನು. ಊರುಕೇರಿಯ ಹುಡುಗನು ತನ್ನ ಆಟದ ಸುಂಕವನ್ನು ನಿದ್ರೆಯ ನಾಣ್ಯದಲ್ಲಿ ತೆರಬೇಕು.

ಈ ಲೆಕ್ಕವನ್ನು ಕರಾವಳಿಗೆ ಹಚ್ಚಿ ನೋಡಿದರೆ ಕಷ್ಟದ ಆಳ ತಿಳಿಯುತ್ತದೆ. ಅಂಕೋಲೆಯಿಂದ ಅರಬೈಲ್ ಘಟ್ಟವನ್ನೇರಿ ಯಲ್ಲಾಪುರ, ಕಲಘಟಗಿಗಳ ಮೇಲಿಂದ ಹುಬ್ಬಳ್ಳಿಗೆ ೧೩೦ ಕಿಲೋಮೀಟರಿಗೂ ಹೆಚ್ಚು. ಕಾರವಾರದಿಂದ ಇನ್ನೂ ಮೂವತ್ತೈದರಷ್ಟು ಕೂಡಿಸಬೇಕು. ಒಂದು ಮುಂಜಾವಿನಲ್ಲಿ ಹೋಗಿ ಶಾಲೆಯ ಗಂಟೆಗೆ ಮರಳುವ ಮಾತೇ ಇಲ್ಲ. ಕೊಂಕಣ ರೈಲು ೧೯೯೮ರಲ್ಲಿ ಪೂರ್ತಿಯಾಗಿ ಓಡತೊಡಗಿ ಕಾರವಾರ ಅಂಕೋಲೆಗಳು ಮುಂಬಯಿ ಮಂಗಳೂರುಗಳಿಗೆ ಹತ್ತಿರವಾದವು. ಹುಬ್ಬಳ್ಳಿ ಅಂಕೋಲೆ ರೈಲು ಮಾತ್ರ ದಶಕಗಳಿಂದ ಕಾಗದದ ಮೇಲೆಯೇ ಇದ್ದು, ಘಟ್ಟದ ಕಾಡಿನ ಪ್ರಶ್ನೆಯಲ್ಲಿ ಸಿಲುಕಿ ಇನ್ನೂ ಓಡಿಲ್ಲ. ಇದರ ಮೇಲೆ ಮಳೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು ೩೦೦೦ ಮಿಲಿಮೀಟರ್ ಮಳೆ ಸುರಿಯುತ್ತದೆ. ಗದುಗಿನಲ್ಲಿ ಅದರ ಕಾಲುಭಾಗವೂ ಇಲ್ಲ. ಬಯಲುಸೀಮೆಯ ಬಾಲಕನು ಜೂನ್ ತಿಂಗಳಿನಲ್ಲಿಯೂ ಚೆಂಡು ಹಿಡಿಯಬಲ್ಲನು. ಕರಾವಳಿಯವನಿಗೆ ಜೂನಿನಿಂದ ಸೆಪ್ಟೆಂಬರಿನವರೆಗೆ ಮೈದಾನವು ಕೆರೆಯೇ ಸರಿ.

ಇನ್ನು ಆಟದ ವಿದ್ಯೆಯ ಮಾತು. ಜೋಶಿಯವರು ಎಡಗೈ ನಿಧಾನಗತಿಯ ಸ್ಪಿನ್ ಬೌಲರು, ಎಡಗೈ ದಾಂಡಿಗರು. ಪತ್ರಿಕೆಗಳು ಬ್ಯಾಟ್ಸ್‌ಮನ್ನನಿಗೆ ದಾಂಡಿಗನೆಂದೂ ವಿಕೆಟ್ಟಿಗೆ ಹುದ್ದರಿಯೆಂದೂ ಬರೆದು ರೂಢಿಮಾಡಿದ್ದಾರೆ. ದಾಂಡಿಗ ಎಂಬುದು ಸೊಗಸಾದ ಮಾತು, ಉಳಿಯಬೇಕಾದುದು. ಹುದ್ದರಿಯನ್ನು ಮಾತ್ರ ಆಟದ ಅಂಗಳದಲ್ಲಿ ಯಾವ ಹುಡುಗನೂ ಕೂಗಿದ್ದಿಲ್ಲ. ಅದಿರಲಿ. ಸ್ಪಿನ್ ಎಂದರೆ ಚೆಂಡನ್ನು ಬಿಡುವಾಗ ಬೆರಳಿನಿಂದಲೋ ಮಣಿಕಟ್ಟಿನಿಂದಲೋ ಅದಕ್ಕೆ ಸುತ್ತು ಕೊಡುವುದು. ಜೋಶಿಯವರದು ಬೆರಳಿನ ವಿದ್ಯೆ. ತೋರುಬೆರಳು ಮತ್ತು ನಡುಬೆರಳುಗಳು ಚೆಂಡಿನ ಹೊಲಿಗೆಯ ಮೇಲೆ ಅಗಲವಾಗಿ ಕುಳಿತು, ಬಿಡುವ ಗಳಿಗೆಯಲ್ಲಿ ಅದನ್ನು ತಿರುಚುತ್ತವೆ. ಎಡಗೈಯಿಂದ ಹೀಗೆ ಬಿಟ್ಟ ಚೆಂಡು ನೆಲಕ್ಕೆ ತಾಗಿದ ಮೇಲೆ ಬಲಗೈ ದಾಂಡಿಗನ ಕಾಲಿನ ಕಡೆಯಿಂದ ಹೊರಗಡೆಗೆ ಸರಿಯುತ್ತದೆ. ಹೊರಗೆ ಸರಿಯುವ ಚೆಂಡನ್ನು ಅಟ್ಟಿಸಿಕೊಂಡು ಹೋದ ದಾಂಡು ಅಂಚಿನಲ್ಲಿ ತಾಗಿಸಿ ಸ್ಲಿಪ್ಪಿನವನ ಕೈಗೆ ಕೊಡುತ್ತದೆ. ಹಾಗೆಂದು ಎಲ್ಲವೂ ಹೊರಗೆ ತಿರುಗಿದರೆ ದಾಂಡಿಗನಿಗೆ ಅದರ ಅಭ್ಯಾಸವಾಗಿಬಿಡುತ್ತದೆ. ಆದ್ದರಿಂದ ನಡುನಡುವೆ ಅದೇ ಕೈಚಳಕದಿಂದ ತಿರುಗದೆ ನೇರವಾಗಿ ಒಳನುಗ್ಗುವ ಚೆಂಡೊಂದನ್ನು ಬಿಡುವುದುಂಟು. ಗಾಳಿಯಲ್ಲಿ ಚೆಂಡನ್ನು ತೇಲಿಸಿ ಅದು ಎಲ್ಲಿ ಬೀಳುವುದೆಂಬ ವಿಷಯದಲ್ಲಿ ದಾಂಡಿಗನ ಕಣ್ಣಿಗೆ ಮೋಸ ಮಾಡುವುದು ಇವೆಲ್ಲಕ್ಕಿಂತ ಕಠಿಣವಾದ ಕಲೆ. ಇದು ವರ್ಷಗಟ್ಟಲೆ ಒಂದೇ ಕೆಲಸವನ್ನು ಮಾಡಿದವನಿಗೆ ಮಾತ್ರ ಸಿದ್ಧಿಸುವಂಥದು.

ಈ ಎಸೆತದ ಬಲವೆಷ್ಟೆಂಬುದನ್ನು ತೋರಿಸುವ ಪ್ರಸಂಗವೊಂದು ಕರ್ನಾಟಕದ ಕ್ರಿಕೆಟ್ಟಿನಲ್ಲಿ ಪ್ರಸಿದ್ಧವಾಗಿದೆ. ೧೯೮೧-೮೨ರ ಸಾಲಿನ ರಣಜಿ ಉಪಾಂತ್ಯ ಪಂದ್ಯದಲ್ಲಿ ದಕ್ಷಿಣ ಕನ್ನಡದ ಪುತ್ತೂರಿನವರಾದ ರಘುರಾಮ ಭಟ್ಟರು ಇದೇ ಬಗೆಯ ಎಡಗೈ ಸ್ಪಿನ್ನಿನಿಂದ ಮುಂಬಯಿ ತಂಡವನ್ನು ಕಂಗೆಡಿಸಿದರು. ಕೊನೆಗೆ ಸುನೀಲ ಗಾವಸ್ಕರರಂತಹ ದಾಂಡಿಗರು ಭಟ್ಟರ ಎಸೆತವನ್ನು ಎದುರಿಸಲು ಎಡಗೈ ದಾಂಡಿಗರಾಗಿ ನಿಂತು ಆಡಿದರು. ಬಲಗೈಯವನಿಂದ ಹೊರಕ್ಕೆ ಸರಿಯುವ ಚೆಂಡು ಎಡಗೈಯವನ ಒಳಕ್ಕೆ ಬರುತ್ತದೆ, ಆಗ ಅದನ್ನು ತಡೆಯುವುದು ಸುಲಭ ಎಂಬುದೇ ಅದರ ಹಿಂದಿನ ಯುಕ್ತಿ. ಆಗ ಗದುಗಿನ ಸುನೀಲನಿಗೆ ವಯಸ್ಸು ಹನ್ನೊಂದು.

ಕಿರಿಯ ಊರುಗಳ ಬೌಲರನಿಗೆ ಇನ್ನೊಂದು ತೊಡಕು ನೆಲದ್ದು. ಜಿಲ್ಲಾಕೇಂದ್ರಗಳಲ್ಲಿ ಬಹುಕಾಲ ಆಟ ನಡೆದದ್ದು ಗಟ್ಟಿನೆಲದ ಮೇಲೆ ಹಾಸಿದ ನಾರಿನ ಚಾಪೆಯ ಮೇಲೆ. ಮ್ಯಾಟಿಂಗ್ ಎಂದು ಕರೆಯುವ ಈ ಹಾಸಿನ ಮೇಲೆ ಚೆಂಡು ಚೆನ್ನಾಗಿ ಪುಟಿಯುತ್ತದೆ, ಸುತ್ತು ಕೊಟ್ಟರೆ ಮೊದಲ ಗಂಟೆಯಿಂದಲೇ ತಿರುಗುತ್ತದೆ. ಆದರೆ ದೊಡ್ಡ ಪಂದ್ಯಗಳು ನಡೆಯುವುದು ಹುಲ್ಲುನೆಲದ ಮೇಲೆ. ಟರ್ಫ್ ಎನ್ನುವ ಆ ನೆಲವು ಮೊದಲ ದಿನ ತೇವದಿಂದ ಕೂಡಿ ವೇಗದ ಬೌಲರನಿಗೆ ನೆರವಾಗಿ, ಎರಡನೆಯ ದಿನ ದಾಂಡಿಗನಿಗೆ ಹಿತವಾಗಿ, ಮೂರನೆಯ ನಾಲ್ಕನೆಯ ದಿನಕ್ಕೆ ಬಿರುಕುಬಿಟ್ಟು ಸ್ಪಿನ್ನರನಿಗೆ ಒಲಿಯುವುದು ಸಾಮಾನ್ಯ ಕ್ರಮ. ಚಾಪೆಯ ಮೇಲೆ ಬಹುಬೇಗ ಹುದ್ದರಿ ಪಡೆದು ಬೀಗಿದ ಹುಡುಗನು ಹುಲ್ಲುನೆಲದ ಮೇಲೆ ಇಡೀ ದಿನ ಬೌಲ್ ಮಾಡಿ ಏನೂ ಸಿಗದೆ ಮಂಕಾಗುವುದುಂಟು. ಅಲ್ಲಿ ಬೇಕಾದುದು ತಿರುವಿಗಿಂತ ತಾಳ್ಮೆ. ಹುಬ್ಬಳ್ಳಿಗೆ ಹೋಗುವ ಅಗತ್ಯ ಗದುಗಿನ ಹುಡುಗನಿಗೆ ಏಕೆ ಉಂಟಾಯಿತೆಂಬುದನ್ನು ಈ ಹಿನ್ನೆಲೆಯಲ್ಲಿ ತಿಳಿಯಬೇಕು. ಒಳ್ಳೆಯ ಜತೆಗಾರರು, ಒಳ್ಳೆಯ ನೆಲ, ತಪ್ಪನ್ನು ತಿದ್ದುವ ಕಣ್ಣು, ಈ ಮೂರೂ ಒಂದೆಡೆ ಸೇರುವುದು ದೊಡ್ಡ ಊರಿನಲ್ಲಿಯೇ.

ಶಾಲೆ, ವಲಯ, ಕಿರಿಯರ ರಾಜ್ಯ ತಂಡ, ಬೆಂಗಳೂರಿನ ಲೀಗ್ ಪಂದ್ಯಗಳು, ಅಲ್ಲಿಂದ ರಣಜಿ ತಂಡ, ಇದು ಏಣಿಯ ಮೆಟ್ಟಿಲುಗಳ ಕ್ರಮ. ಪ್ರತಿ ಮೆಟ್ಟಿಲಿನಲ್ಲಿಯೂ ನೂರು ಜನ ನಿಂತು ಹತ್ತು ಜನ ಮೇಲೇರುತ್ತಾರೆ. ಜೋಶಿಯವರು ಕರ್ನಾಟಕದ ರಣಜಿ ತಂಡಕ್ಕೆ ಬಂದದ್ದು ೧೯೯೨-೯೩ರ ಸಾಲಿನಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ. ರಘುರಾಮ ಭಟ್ಟರ ಆಟದ ದಿನಗಳು ಮುಗಿಯುತ್ತ ಬಂದಿದ್ದ ಕಾಲವದು. ಎಡಗೈ ಸ್ಪಿನ್ನರನ ಸ್ಥಾನ ತೆರವಾಗುವುದರಲ್ಲಿತ್ತು. ಇದನ್ನು ಅದೃಷ್ಟವೆನ್ನುವವರು ಎನ್ನಲಿ. ಸ್ಥಾನ ತೆರವಾದಾಗ ಸಿದ್ಧನಾಗಿ ನಿಂತಿರುವವನಿಗೆ ಮಾತ್ರ ಅಂತಹ ಅದೃಷ್ಟ ಒದಗುತ್ತದೆ. ಅದೇ ೧೯೭೦ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅನಿಲ ಕುಂಬ್ಳೆಯವರು ಆ ವೇಳೆಗೆ ಟೆಸ್ಟ್ ಆಟಗಾರರಾಗಿ ಎರಡು ವರ್ಷ ಕಳೆದಿತ್ತು. ಈ ಅಂತರಕ್ಕೆ ಊರೊಂದೇ ಕಾರಣವೆನ್ನುವುದು ಅತಿಯಾದೀತು. ಕುಂಬ್ಳೆಯವರ ಪ್ರತಿಭೆ ಅಸಾಮಾನ್ಯವಾದುದು. ಊರೂ ಒಂದು ಕಾರಣವೆಂಬುದನ್ನು ಮಾತ್ರ ಅಲ್ಲಗಳೆಯಲಾಗದು.

ರಾಜ್ಯ ತಂಡಕ್ಕೆ ಬಂದೊಡನೆ ಬಾಳು ಹಸನಾಯಿತೆಂದು ತಿಳಿಯಬಾರದು. ಈಗಿನ ಐಪಿಎಲ್ ಪಂದ್ಯಾವಳಿ ೨೦೦೮ರಲ್ಲಿ ಆರಂಭವಾದುದು. ಅದಕ್ಕೆ ಮೊದಲು ರಣಜಿ ಆಟಗಾರನ ಪಂದ್ಯದ ಸಂಭಾವನೆಯಿಂದ ಒಂದು ಸಂಸಾರ ನಡೆಯುವಂತಿರಲಿಲ್ಲ. ಬ್ಯಾಂಕುಗಳು, ರೈಲ್ವೆ, ಸಾರ್ವಜನಿಕ ಕ್ಷೇತ್ರದ ಕಾರ್ಖಾನೆಗಳು ತಮ್ಮ ತಮ್ಮ ತಂಡಗಳಿಗಾಗಿ ಆಟಗಾರರಿಗೆ ನೌಕರಿ ಕೊಡುತ್ತಿದ್ದವು. ಕ್ರಿಕೆಟ್ ಆಡುವವನ ನಿಜವಾದ ಅನ್ನ ಆ ನೌಕರಿಯಲ್ಲಿತ್ತು. ಆದ್ದರಿಂದಲೇ ಆ ಕಾಲದ ತಂದೆತಾಯಿಗಳು ಆಟದ ಜೊತೆಗೆ ಪದವಿಯನ್ನೂ ಮುಗಿಸೆಂದು ಹಟ ಹಿಡಿಯುತ್ತಿದ್ದರು. ಆ ಹಟವನ್ನು ಹಳೆಯ ಕಾಲದ ಅಂಜುಬುರುಕತನವೆಂದು ನಗುವವರು ಮುಂದಿನ ಸಂಗತಿಯನ್ನು ಗಮನಿಸಬೇಕು.

೧೯೯೫-೯೬ರ ಸಾಲು ಜೋಶಿಯವರ ಬಾಳಿನಲ್ಲಿ ನಿರ್ಣಾಯಕವಾದುದು. ಆ ಒಂದೇ ರಣಜಿ ಸಾಲಿನಲ್ಲಿ ಅವರು ೫೦೦ಕ್ಕೂ ಹೆಚ್ಚು ಓಟಗಳನ್ನು ಹೊಡೆದು ೫೦ಕ್ಕೂ ಹೆಚ್ಚು ಹುದ್ದರಿಗಳನ್ನು ಪಡೆದರು. ದಾಂಡಿಗನ ಒಂದು ಪೂರ್ಣ ವರ್ಷದ ದುಡಿಮೆಯನ್ನೂ ಬೌಲರನ ಒಂದು ಪೂರ್ಣ ವರ್ಷದ ದುಡಿಮೆಯನ್ನೂ ಒಬ್ಬನೇ ಮಾಡಿದಂತಾಯಿತು. ಕರ್ನಾಟಕವು ೧೯೮೨-೮೩ರ ನಂತರ ಮೊದಲ ಬಾರಿಗೆ ಆ ವರ್ಷ ರಣಜಿ ಪದಕವನ್ನು ಗೆದ್ದಿತು. ಆಯ್ಕೆದಾರರು ಇನ್ನು ಕಣ್ಣು ಮುಚ್ಚಿ ಕೂರುವಂತಿರಲಿಲ್ಲ. ೧೯೯೬ರ ಬೇಸಗೆಯಲ್ಲಿ ಇಂಗ್ಲೆಂಡಿಗೆ ಹೊರಟ ಭಾರತ ತಂಡದಲ್ಲಿ ಗದುಗಿನ ಜೋಶಿಯವರ ಹೆಸರಿತ್ತು.

ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಮೈದಾನದಲ್ಲಿ ಮೊದಲ ಟೆಸ್ಟ್ ಪಂದ್ಯ ಆರಂಭವಾದದ್ದು ೧೯೯೬ರ ಜೂನ್ ೬ರಂದು. ಅದು ಜೋಶಿಯವರ ಇಪ್ಪತ್ತಾರನೆಯ ಹುಟ್ಟುಹಬ್ಬ. ಹನ್ನೊಂದು ಜನರಲ್ಲಿ ಶ್ರೀನಾಥ, ಕುಂಬ್ಳೆ, ವೆಂಕಟೇಶಪ್ರಸಾದ, ಜೋಶಿ ಹೀಗೆ ನಾಲ್ವರು ಕನ್ನಡನಾಡಿನವರು. ಇಂತಹ ದಿನವನ್ನು ಕವಿ ಕಟ್ಟಿದರೆ ಮುಂದೆ ಜಯಭೇರಿಯೇ ಮೊಳಗಬೇಕು. ನಡೆದದ್ದು ಬೇರೆ. ಆ ಪಂದ್ಯದಲ್ಲಿ ಅವರ ಬೆರಳಿಗೆ ಪೆಟ್ಟಾಯಿತು. ಬೌಲಿಂಗಿಗಾಗಿ ಅಷ್ಟು ದೂರ ಹೋದವರು ಒಂದು ಓವರನ್ನೂ ಎಸೆಯದಾದರು. ಇಂಗ್ಲೆಂಡ್ ಎಂಟು ಹುದ್ದರಿಗಳಿಂದ ಗೆದ್ದಿತು. ಜೂನ್ ೨೦ರಂದು ಲಾರ್ಡ್ಸ್ ಮೈದಾನದಲ್ಲಿ ಎರಡನೆಯ ಟೆಸ್ಟ್ ಆರಂಭವಾದಾಗ ಜೋಶಿ ಮತ್ತು ಸಂಜಯ ಮಾಂಜ್ರೇಕರ್ ಇಬ್ಬರೂ ಹನ್ನೊಂದರಲ್ಲಿ ಇರಲಿಲ್ಲ. ಹೊಸದಾಗಿ ಬಂದವರು ಸೌರವ ಗಂಗೂಲಿ ಮತ್ತು ರಾಹುಲ ದ್ರಾವಿಡ್. ಅವರಲ್ಲೊಬ್ಬರು ೧೩೧, ಮತ್ತೊಬ್ಬರು ೯೫ ಓಟ ಹೊಡೆದ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯನ್ನು ಹೇಳುವವರು ಖಾಲಿಯಾದ ಜಾಗಗಳು ಯಾರವೆಂದು ಹೇಳುವುದು ಅಪರೂಪ.

ಸ್ಪಿನ್ನರನಿಗೆ ಬೆರಳೇ ಬಂಡವಾಳ. ಬರಹಗಾರನ ಲೇಖನಿ ಮುರಿದರೆ ಇನ್ನೊಂದು ಕೊಳ್ಳಬಹುದು, ಬೆರಳನ್ನು ಕೊಳ್ಳಲಾಗದು. ಹದಿನೈದು ವರ್ಷಗಳ ಮುಂಜಾವುಗಳು ಒಂದು ಪೆಟ್ಟಿನಿಂದ ನಿಷ್ಫಲವಾಗಬಹುದಾದ ವೃತ್ತಿ ಇದು ಎಂಬುದನ್ನು ಬಾಲಕರೂ ಪಾಲಕರೂ ಮನಗಾಣಬೇಕಾದುದು ಇಲ್ಲಿಯೇ. ಜೋಶಿಯವರ ವಿಷಯದಲ್ಲಿ ಅದು ನಿಷ್ಫಲವಾಗಲಿಲ್ಲ. ಗಾಯ ಮಾಯ್ದ ಮೇಲೆ ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯದ ಎದುರು ಅವರು ತಂಡಕ್ಕೆ ಮರಳಿದರು. ಅರಸೀಕೆರೆಯ ಡೇವಿಡ್ ಜಾನ್ಸನ್ ಆ ಪಂದ್ಯದಲ್ಲಿಯೇ ಮೊದಲ ಟೆಸ್ಟ್ ಆಡಿದರು. ದ್ರಾವಿಡ್, ಕುಂಬ್ಳೆ, ಪ್ರಸಾದರೂ ಸೇರಿ ಕರ್ನಾಟಕದ ಐವರು ಅಂದು ಭಾರತಕ್ಕಾಗಿ ಆಡಿದರು. ಅವರಲ್ಲಿ ಇಬ್ಬರು ಬೆಂಗಳೂರಿನಾಚೆಯ ಊರುಗಳಿಂದ ಬಂದವರು. ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕವನ್ನು ಭಾರತ ಸೋಲಿಸಿದ ಟೆಸ್ಟಿನಲ್ಲಿಯೂ ಜೋಶಿಯವರಿದ್ದರು. ಮುಂದಿನ ವರ್ಷಗಳಲ್ಲಿ ಗಾಯಗಳು ಅವರನ್ನು ಬಿಡಲಿಲ್ಲ. ತಂಡದೊಳಗೆ ಬರುವುದು, ಹೊರಗೆ ಹೋಗುವುದು ನಡೆದೇ ಇತ್ತು.

೧೯೯೯ರ ಸೆಪ್ಟೆಂಬರ್ ೨೬ರಂದು ಕೀನ್ಯದ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ನಡೆದ ಒಂದು ದಿನದ ಪಂದ್ಯವನ್ನು ಇಲ್ಲಿ ನಿಂತು ನೋಡಬೇಕು. ಹತ್ತು ಓವರು, ಆರು ಮೇಡನ್, ಆರು ಓಟ, ಐದು ಹುದ್ದರಿ. ಈ ನಾಲ್ಕು ಅಂಕಿಗಳನ್ನು ಬಿಡಿಸಿ ಓದಬೇಕು. ಹತ್ತು ಓವರುಗಳೆಂದರೆ ೬೦ ಎಸೆತ. ಅವುಗಳಲ್ಲಿ ಆರು ಓವರುಗಳ ೩೬ ಎಸೆತಗಳಿಂದ ಒಂದು ಓಟವೂ ಇಲ್ಲ. ಉಳಿದ ೨೪ ಎಸೆತಗಳಿಂದ ಬಂದದ್ದು ಆರೇ ಓಟ; ಒಂದು ಓಟಕ್ಕಿಂತ ಕಡಿಮೆ ಖರ್ಚಿನಲ್ಲಿ ಯಾವ ಹುದ್ದರಿಯೂ ಬರುವುದಿಲ್ಲವೆಂದು ಹೇಳುವಷ್ಟು ಮಿತವ್ಯಯ. ಓಟಗಳಿಗಾಗಿಯೇ ಹುಟ್ಟಿದ ಒಂದು ದಿನದ ಆಟದಲ್ಲಿ ಇದು ನಡೆಯಿತೆಂಬುದು ಗಮನಾರ್ಹ. ದಕ್ಷಿಣ ಆಫ್ರಿಕ ೧೧೭ಕ್ಕೆ ಆಟ ಮುಗಿಸಿತು. ಭಾರತ ಎಂಟು ಹುದ್ದರಿಗಳಿಂದ ಗೆದ್ದಿತು. ಚಾಪೆಯ ಮೇಲಣ ತಿರುವಿಗೆ ಮರುಳಾಗದೆ, ಒಂದೇ ಜಾಗದಲ್ಲಿ ಸಾವಿರ ಬಾರಿ ಚೆಂಡನ್ನು ಹಾಕುವ ಶಿಸ್ತು ಕಲಿತವನ ಫಲವಿದು. ಮರುವರ್ಷ ನವೆಂಬರಿನಲ್ಲಿ ಬಾಂಗ್ಲಾದೇಶವು ಢಾಕಾದಲ್ಲಿ ತನ್ನ ಮೊಟ್ಟಮೊದಲ ಟೆಸ್ಟ್ ಪಂದ್ಯವಾಡಿದಾಗ ಜೋಶಿಯವರು ಒಂದು ಸರದಿಯಲ್ಲಿ ಐದು ಹುದ್ದರಿ ಪಡೆದು, ದಾಂಡಿನಿಂದ ೯೨ ಓಟ ಹೊಡೆದು ಪಂದ್ಯದ ಶ್ರೇಷ್ಠ ಆಟಗಾರರೆನಿಸಿದರು.

ಒಟ್ಟು ಲೆಕ್ಕವನ್ನು ನೋಡಿದರೆ ಭಾರತಕ್ಕಾಗಿ ಅವರು ಆಡಿದ ಟೆಸ್ಟುಗಳು ೧೫, ಒಂದು ದಿನದ ಪಂದ್ಯಗಳು ೬೯. ಪ್ರಥಮ ದರ್ಜೆಯ ಪಂದ್ಯಗಳಾದರೋ ೧೬೦. ಅವುಗಳಲ್ಲಿ ೬೧೫ ಹುದ್ದರಿ, ಐದು ಸಾವಿರಕ್ಕೂ ಮಿಕ್ಕ ಓಟ. ದೂರದರ್ಶನದಲ್ಲಿ ಕಂಡದ್ದು ಮೊದಲ ಅಂಕಿ; ಬಾಳನ್ನು ಹೊತ್ತದ್ದು ಎರಡನೆಯ ಅಂಕಿ. ವೃತ್ತಿಯೆಂದರೆ ಹತ್ತೊಂಬತ್ತು ವರ್ಷ ರಾಜ್ಯದ ಪಂದ್ಯಗಳಲ್ಲಿ, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ, ದಿನವಿಡೀ ಚೆಂಡೆಸೆಯುವುದು. ೨೦೨೦ರ ಮಾರ್ಚಿಯಲ್ಲಿ ಅವರು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾಗಿ ನೇಮಕಗೊಂಡು ಆ ವರ್ಷದ ಕೊನೆಯವರೆಗೆ ಆ ಸ್ಥಾನದಲ್ಲಿದ್ದರು.

ಕಾರವಾರ ಅಂಕೋಲೆಗಳ ಬಾಲಕನಿಗೆ ಮತ್ತೆ ಬರುವುದಾದರೆ, ಅವನ ಮೊದಲ ಅಡ್ಡಿ ದೂರವಲ್ಲ, ಚೆಂಡು. ಕಡಲತೀರದಲ್ಲಿಯೂ ಊರಿನ ಪಂದ್ಯಾವಳಿಗಳಲ್ಲಿಯೂ ಬಹುಮಟ್ಟಿಗೆ ನಡೆಯುವುದು ಟೆನಿಸ್ ಚೆಂಡಿನ ಆಟ. ಆ ಚೆಂಡಿನ ತೂಕ ೫೬ರಿಂದ ೫೯ ಗ್ರಾಂ. ಚರ್ಮದ ಚೆಂಡು ಸುಮಾರು ೧೬೦ ಗ್ರಾಂ. ಟೆನಿಸ್ ಚೆಂಡಿಗೆ ಬೆರಳು ಕಚ್ಚಿ ಹಿಡಿಯಲು ಎದ್ದುನಿಂತ ಹೊಲಿಗೆಯಿಲ್ಲ. ಆದ್ದರಿಂದ ಬೆರಳಿನ ಸ್ಪಿನ್ ಅದರಲ್ಲಿ ಬೆಳೆಯುವುದಿಲ್ಲ, ಜೋರಾಗಿ ಎಸೆಯುವ ತೋಳು ಮಾತ್ರ ಬೆಳೆಯುತ್ತದೆ. ದಾಂಡಿಗನೂ ಮೇಲಕ್ಕೆತ್ತಿ ಹೊಡೆಯುವುದನ್ನು ಕಲಿತು ನೆಲಕ್ಕೆ ತಾಗಿಸಿ ಆಡುವುದನ್ನು ಮರೆಯುತ್ತಾನೆ. ಹದಿನೇಳನೆಯ ವಯಸ್ಸಿನವರೆಗೆ ಹೀಗೆ ಆಡಿ ಅನಂತರ ಚರ್ಮದ ಚೆಂಡಿಗೆ ಬಂದವನು ಹನ್ನೊಂದರಲ್ಲಿಯೇ ಅದನ್ನು ಹಿಡಿದವನ ಎದುರು ಆರು ವರ್ಷ ಹಿಂದೆ ನಿಂತಂತಾಯಿತು. ಶಾಲೆಗಳು ಅಕ್ಟೋಬರಿನಿಂದ ಮೇ ವರೆಗಿನ ಒಣಗಾಲದಲ್ಲಿ ಒಂದು ಚಾಪೆ, ಒಂದು ಬಲೆ, ನಾಲ್ಕಾರು ಚರ್ಮದ ಚೆಂಡು, ಕಾಲಿನ ಪ್ಯಾಡು ಕೈಗವುಸುಗಳನ್ನು ಒದಗಿಸಿದರೆ ಈ ಕೊರತೆ ಅರ್ಧದಷ್ಟು ನೀಗುತ್ತದೆ. ಕರಿಈಶಾಡು ಮಾವು ಹಣ್ಣಾಗುವ ದಿನಗಳಲ್ಲಿ ಅಂಕೋಲೆಯ ಹುಡುಗರನ್ನು ಅಭ್ಯಾಸಕ್ಕೆ ಕರೆತರುವುದು ಹೇಗೆಂಬ ಪ್ರಶ್ನೆಗೆ ಮಾತ್ರ ಯಾವ ತರಬೇತುದಾರನ ಬಳಿಯೂ ಉತ್ತರವಿರಲಾರದು.

ಹುಬ್ಬಳ್ಳಿಯ ರಾಜನಗರದಲ್ಲಿ ೨೦೧೨ರಿಂದ ರಣಜಿ ಪಂದ್ಯಗಳಿಗೆ ತಕ್ಕ ಕ್ರೀಡಾಂಗಣವಿದೆ, ಬೆಳಗಾವಿಯಲ್ಲಿಯೂ ಒಂದಿದೆ. ಹಾದಿ ಹೆಣ್ಣುಮಕ್ಕಳಿಗೂ ತೆರೆದಿದೆ: ವಿಜಯಪುರದ ರಾಜೇಶ್ವರಿ ಗಾಯಕವಾಡ ಇದೇ ಎಡಗೈ ಸ್ಪಿನ್ನಿನಿಂದ ೨೦೧೭ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಎದುರು ೧೫ ಓಟಗಳಿಗೆ ಐದು ಹುದ್ದರಿ ಪಡೆದರು. ಕರಾವಳಿಯ ಬಾಲಕನಿಗೆ ಗದುಗಿನವನಂತೆ ದಿನಾ ಹೋಗಿಬರುವ ಹಾದಿ ಇಲ್ಲವಾದುದರಿಂದ, ವಲಯದ ಆಯ್ಕೆಗೆ ಯೋಗ್ಯನೆಂದು ಗುರುಗಳಿಗೆ ತೋರಿದವನು ರಜೆಯ ತಿಂಗಳುಗಳಲ್ಲಿ ಹುಬ್ಬಳ್ಳಿಯಲ್ಲಿ ನೆಂಟರ ಮನೆಯಲ್ಲೋ ವಿದ್ಯಾರ್ಥಿನಿಲಯದಲ್ಲೋ ಉಳಿಯಬೇಕಾಗುತ್ತದೆ. ಎಸ್.ಎಸ್.ಎಲ್.ಸಿ. ವರ್ಷ ಬಂದಾಗ ಆ ತಿಂಗಳುಗಳನ್ನು ಬಿಟ್ಟುಕೊಡಬೇಕೇ ಬೇಡವೇ ಎಂಬುದನ್ನು ಹುಡುಗ, ತಂದೆತಾಯಿ, ಗುರುಗಳು ಹಿಂದಿನ ವರ್ಷವೇ ಕುಳಿತು ಮಾತನಾಡಿಕೊಂಡಿರಬೇಕು.